ಕೈಗೂ ಗಾಲಿಗೂ ನಡುವೆ ಬರೀ ಆಯಿಲ್

1/9

ಬೆಳಗ್ಗೆ ಟ್ರ್ಯಾಕ್ಟರ್ ತೆಗೆದ ಮ್ಯಾಲ ಅದು ನಿಂತಿದ್ದ ಜಾಗ ಒಮ್ಮೆ ನೋಡ್ರಿ. ಮುಂದಿನ ಗಾಲಿಗಳ ನಡುವೆ ಅಂಗೈಯಗಲ ಆಯಿಲ್ ಕಲೆ ಬಿದ್ದಿದ್ರೆ ಈ ಸರಣಿ ನಿಮಗಾಗಿ. ಮೊದಲನೇ ಫೋಟೊದಾಗ ಇರೋದು ಅಂಥದ್ದೇ ಒಂದು ಕಲೆ.

ಮಮದಾಪುರದಾಗ ಇದನ್ನ ನೋಡಿ ಯಾರೂ ಗಾಬರಿ ಆಗೋದಿಲ್ಲ. "ಸ್ವಲ್ಪ ಸೋರ್ತೈತಿ, ಸೀಜನ್ ಮುಗೀಲಿ, ನೋಡೂಣು" ಅಂತಾರ. ಟಾಕಿಗೆ ಆಯಿಲ್ ಹಾಕಿ ಹೊಂಟುಬಿಡ್ತಾರ. ಪವರ್ ಸ್ಟೇರಿಂಗ್ ಇರೋ ಗಾಡಿಯಾಗ ಆ ಜಾಗದಾಗ ಕಲೆ ಬಿದ್ರೆ ಮೊದಲು ಅನುಮಾನ ಪಡಬೇಕಾದ್ದು ಸ್ಟೇರಿಂಗ್ ಸಿಲಿಂಡರ್ ಮೇಲೆ. ಅದರೊಳಗಿನ ರಬ್ಬರ್ ಸೀಲ್ ಹೋಗಿರುತ್ತದೆ.

ಸೀಲ್ ಅಂದ್ರ ಸಣ್ಣ ವಸ್ತು. ಬಳೆಯಷ್ಟು ದೊಡ್ಡದೂ ಇಲ್ಲ. ಆದರೆ ಇಲ್ಲಿ ಒಂದು ಮಾತು ತಿಳ್ಕೊಳ್ರಿ. ಹಳೇ ಟ್ರ್ಯಾಕ್ಟರಿನಾಗ ನೀವು ಹಿಡಿದ ಸ್ಟೇರಿಂಗ್‌ಗೂ ಗಾಲಿಗೂ ನಡುವೆ ಕಬ್ಬಿಣದ ರಾಡು, ಗೇರುಗಳ ಸಂಬಂಧ ಇತ್ತು. ಈಗಿನ ಹೈಡ್ರೋಸ್ಟ್ಯಾಟಿಕ್ ಪವರ್ ಸ್ಟೇರಿಂಗ್‌ನಾಗ ಆ ಸಂಬಂಧ ಇಲ್ಲ. ನಡುವೆ ಎರಡು ಪೈಪು, ಅದರೊಳಗ ಆಯಿಲ್. ಅಷ್ಟೇ. ನಿಮ್ಮ ಕೈ ತಿರುಗಿದ್ದು ಗಾಲಿಗೆ ಗೊತ್ತಾಗೋದು ಆ ಆಯಿಲ್ ಹೇಳಿದಾಗ ಮಾತ್ರ.

ಕಬ್ಬು ತುಂಬಿದ ಎರಡು ಟ್ರೇಲರ್ ಹಿಂದ, ಸಣ್ಣ ರಸ್ತೆ, ಒಂದು ಬದಿಗೆ ಕಾಲುವೆ, ಎದುರಿಗೆ ಶಾಲೆ ಬಿಟ್ಟ ಹುಡುಗರ ಸೈಕಲ್. ಅಂಥ ಹೊತ್ತಿನಾಗ ಆಯಿಲ್ ಹೇಳೋದು ನಿಲ್ಲಿಸಿದ್ರೆ? "ಸ್ವಲ್ಪ ಸೋರ್ತೈತಿ" ಅನ್ನೋ ಮಾತಿನ ಹಿಂದ ಇರೋ ಪ್ರಶ್ನೆ ಇದು.

2/9

ಇದು ಬರೀ ಟ್ರ್ಯಾಕ್ಟರಿನ ಕಥೆ ಅಲ್ಲ. ಗೋದಾಮಿನಾಗ ಓಡೋ ಫೋರ್ಕ್‌ಲಿಫ್ಟ್‌ದೂ ಇದೇ ಕಥೆ. ಅದರಾಗ ತಿರುಗೋದು ಹಿಂದಿನ ಗಾಲಿ. ಯಾಕಂದ್ರ ಮಾಲಿನ ಭಾರ ಎಲ್ಲ ಮುಂದಿನ ಗಾಲಿ ಮ್ಯಾಲ ಇರುತ್ತದೆ. ಹಿಂದ ತೂಕದ ಕಬ್ಬಿಣದ ಗಡ್ಡೆ, ಅದರ ಕೆಳಗೆ ಆಕ್ಸಲ್, ಆಕ್ಸಲ್ ಮ್ಯಾಲ ಅಡ್ಡಕ್ಕ ಮಲಗಿದ ಸಿಲಿಂಡರ್. ನೆಲಕ್ಕ ಹತ್ತಿರ ಇರೋದರಿಂದ ಧೂಳು, ಪ್ಯಾಕಿಂಗ್ ಪಟ್ಟಿ, ದಾರ ಎಲ್ಲ ಅಲ್ಲೇ ಸುತ್ತಿಕೊಳ್ಳುತ್ತವೆ. ಅಲ್ಲಿ ಸೋರಿದ ಆಯಿಲ್ ನುಣುಪಾದ ನೆಲದ ಮ್ಯಾಲ ಬೀಳ್ತದ. ಹಮಾಲರ ಕಾಲು ಜಾರ್ತದ, ಗಾಡಿ ಬ್ರೇಕ್ ಹಾಕಿದ್ರೂ ಗಾಲಿ ಜಾರ್ತದ. ನಮ್ಮ ಹೊಲದಾಗ ಮಣ್ಣು ಆಯಿಲ್ ಕುಡಿದು ಸುಮ್ಮನಿರ್ತದ, ಗೋದಾಮಿನ ನೆಲ ಕುಡಿಯೋದಿಲ್ಲ.

ಸಿಲಿಂಡರ್ ಒಳಗ ಏನದ ಅಂತ ಸರಳವಾಗಿ ಹೇಳ್ತೀನಿ. ಒಂದು ಕೊಳವೆ. ನಡುವೆ ಪಿಸ್ಟನ್. ಪಿಸ್ಟನ್‌ನಿಂದ ಎರಡೂ ಕಡೆ ಕ್ರೋಮ್ ಹಚ್ಚಿದ ಹೊಳೆಯೋ ರಾಡ್ ಹೊರಗ ಬರುತ್ತದೆ. ಎರಡೂ ತುದಿಗೆ ಟೈ ರಾಡ್, ಅಲ್ಲಿಂದ ಗಾಲಿ. ಸ್ಟೇರಿಂಗ್ ತಿರುಗಿಸಿದಾಗ ಅದರ ಬುಡದಾಗ ಇರೋ ಆರ್ಬಿಟ್ರಾಲ್ ಅನ್ನೋ ಭಾಗ ಆಯಿಲ್ ಅಳೆದು ಒಂದು ಬದಿಗೆ ಕಳಿಸುತ್ತದೆ, ಇನ್ನೊಂದು ಬದಿಯ ಆಯಿಲ್ ಟಾಕಿಗೆ ವಾಪಸ್ ಬರುತ್ತದೆ. ರಾಡ್ ಎರಡೂ ಕಡೆ ಒಂದೇ ದಪ್ಪ ಇರೋದರಿಂದ ಎಡಕ್ಕೂ ಬಲಕ್ಕೂ ಸ್ಟೇರಿಂಗ್ ಅಷ್ಟಷ್ಟೇ ಸುತ್ತು ತಿರುಗ್ತದ.

ಬಲ ಎಷ್ಟು? ಉದಾಹರಣೆಗೆ ಒಂದು ಲೆಕ್ಕ. ಪಿಸ್ಟನ್ 50 ಮಿಮೀ, ರಾಡ್ 28 ಮಿಮೀ ಅಂತ ಹಿಡೀರಿ. ಆಯಿಲ್ ಒತ್ತೋ ಜಾಗ ಸುಮಾರು 13.5 ಚದರ ಸೆಂಮೀ. ಚದರ ಸೆಂಮೀಗೆ 100 ಕೆಜಿ ಒತ್ತಡ ಇದ್ರೆ ಸುಮಾರು 1,350 ಕೆಜಿ ಬಲ. ಇಷ್ಟು ಒತ್ತಡವನ್ನ ಹೊರಗ ಬರದಂಗ ತಡೆದು ನಿಂತಿರೋದು ಬೆರಳಿಗಿಂತ ಸಣ್ಣ ದಪ್ಪದ ಒಂದು ರಬ್ಬರ್ ಉಂಗುರ.

3/9

ಈ ರಬ್ಬರ್ ಅಷ್ಟು ಒತ್ತಡ ಹೆಂಗ ತಡೀತದ? ಉತ್ತರ ನಿಮ್ಮ ಮನಿ ಸೈಕಲ್ ಪಂಪಿನಾಗ ಅದ. ಹಳೇ ಪಂಪಿನ ತೊಗಲಿನ ವಾಸರ್ ನೆನಪಿದ್ರೆ ನೋಡ್ರಿ, ಬಟ್ಟಲಿನ ಆಕಾರ. ಗಾಳಿ ಒತ್ತಿದಷ್ಟೂ ಬಟ್ಟಲಿನ ಅಂಚು ಹಿಗ್ಗಿ ಕೊಳವೆಗೆ ಅಂಟಿಕೊಳ್ತದ. ಕೈಪಂಪಿನ ಬೋರಿಂಗ್‌ನಾಗ ಹಾಕ್ತಿದ್ದ ತೊಗಲಿನ ವಾಸರೂ ಹಂಗೇ. ಒತ್ತಡವೇ ಸೀಲನ್ನ ಬಿಗಿ ಮಾಡ್ತದ.

ಇದು ಹಳೇ ಉಪಾಯ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ತಗೊಂಡ. ತತ್ವ ಸರಿ ಇತ್ತು, ಆದರೆ ರಾಡ್ ಸುತ್ತ ನೀರು ಸೋರೋದನ್ನ ತಡೆಯೋದೇ ಕಷ್ಟ ಆಗಿತ್ತು. ಒತ್ತಡ ಬಂದಾಗ ತಾನೇ ಬಿಗಿಯಾಗೋ ತೊಗಲಿನ ಕಾಲರ್ ಮಾಡಿದ್ದು ಅವನ ಕಾರ್ಖಾನೆಯಾಗ ಕೆಲಸಕ್ಕಿದ್ದ ಹೆನ್ರಿ ಮಾಡ್ಸ್ಲೆ ಅಂತ ಹೇಳ್ತಾರ. ಅಂದ್ರ ಯಂತ್ರ ನಡೆದಿದ್ದು ಒಂದು ತುಂಡು ತೊಗಲಿನಿಂದ. ಮುಂದೆ ನೀಲ್ಸ್ ಕ್ರಿಸ್ಟೆನ್ಸನ್ ಅನ್ನೋ ಡೆನ್ಮಾರ್ಕ್ ಮೂಲದ ಮುದುಕ ಅಮೆರಿಕದಾಗ ಓ-ರಿಂಗ್‌ಗೆ 1939ರಲ್ಲಿ ಪೇಟೆಂಟ್ ಪಡೆದ. ಈಗ ಟ್ರ್ಯಾಕ್ಟರಿನಾಗ ಎಣಿಸಿದ್ರೆ ಎಷ್ಟು ಕಡೆ ಓ-ರಿಂಗ್ ಸಿಗ್ತಾವೋ!

ಸಿಲಿಂಡರಿನ ಎರಡೂ ತುದಿಗೆ ಇರೋ ಮುಚ್ಚಳಕ್ಕ ಗ್ಲ್ಯಾಂಡ್ ಅಂತಾರ. ಅದರೊಳಗ ಹೊರಗಿನಿಂದ ಒಳಗ ಹೋದಂಗ ಇವು ಸಿಗ್ತಾವ: ಧೂಳು ಒರೆಸೋ ವೈಪರ್, ಆಯಿಲ್ ತಡೆಯೋ ರಾಡ್ ಸೀಲ್, ರಾಡನ್ನ ನಡುವೆ ಹಿಡಿಯೋ ಬುಶ್. ಗ್ಲ್ಯಾಂಡಿನ ಹೊರ ಮೈಮ್ಯಾಲ ಒಂದು ಓ-ರಿಂಗ್. ಪಿಸ್ಟನ್ ಮ್ಯಾಲ ಬ್ಯಾರೆ ಸೀಲ್. ಮೂರನೇ ಫೋಟೊದಾಗ ಎಲ್ಲಾ ಸಾಲಾಗಿ ಇಟ್ಟೀನಿ.

4/9

ಈಗ ನಮ್ಮ ಮನೆ ಲೆಕ್ಕ. ನಮ್ಮ ಕಾಕಾ ಟ್ರ್ಯಾಕ್ಟರ್ ಇಟ್ಟು ಕೃಷ್ಣಾ ದಂಡೆಯ ಕಾರ್ಖಾನೆಗಳಿಗೆ ಕಬ್ಬು ಸಾಗಿಸ್ತಾರ. ಗಾಡಿ ಮ್ಯಾಲ ಸಾಲ ಅದ. ಹೋದ ಸೀಜನ್ನಿನಾಗ ಡೈರಿ ಬರೆಯೋ ಕೆಲಸ ನನ್ನದು. ಜನವರಿ ಕೊನೆಗೆ ಕೂಡಿಸ್ತಾ ಕುಂತಾಗ "ಸ್ಟೇರಿಂಗ್ ಆಯಿಲ್" ಅನ್ನೋ ಎಂಟ್ರಿ ಪದೇ ಪದೇ ಸಿಕ್ತು. ನಡುವೆ ಎರಡು ಸಲ "ಸೀಲ್ ಕಿಟ್, ಮಜೂರಿ". ಅಂದ್ರ ಸೀಲ್ ಹಾಕಿಸಿದ ಮ್ಯಾಲೂ ಸೋರಿಕೆ ನಿಂತಿರಲಿಲ್ಲ.

ಗ್ಯಾರೇಜಿನವರನ್ನ ಬೈಯೋದು ಸುಲಭ. ಆದರೆ ಆ ದಿನ ಏನಾಗಿತ್ತು ಅಂತ ಕಾಕಾನೇ ಹೇಳಿದ್ರು. ಹೊಲದಾಗ ಕಬ್ಬು ಕಡಿದು ಬಿದ್ದಿತ್ತು, ಬಿಸಲಿಗೆ ತೂಕ ಇಳೀತಿತ್ತು. ಕಡಿಯೋ ಗ್ಯಾಂಗಿನ ಮಂದಿ ಮಕ್ಕಳನ್ನ ಕಟ್ಕೊಂಡು ಬಾಂದಿನ ಮ್ಯಾಲ ಕುಂತಿದ್ರು. "ಲಗೂ ಮಾಡ್ರಿ, ಗ್ಯಾಂಗ್ ಕುಂತೈತಿ" ಅಂತ ಇವರು ನಿಂತಲ್ಲೇ ನಿಂತು ಅವಸರ ಮಾಡಿದ್ರು. ಅವರು ಸೀಲ್ ಹೊಸಾದು ಹಾಕಿ ಕೊಟ್ರು. ಕೇಳಿದ್ದು ಅಷ್ಟೇ, ಸಿಕ್ಕಿದ್ದೂ ಅಷ್ಟೇ. ಎಂಟು ದಿನಕ್ಕ ಮತ್ತ ಹನಿ.

ಹನಿ ಅಂದ್ರ ಎಷ್ಟು? ಹತ್ತು ಸೆಕೆಂಡಿಗೆ ಒಂದು ಹನಿ ಅಂತ ಹಿಡೀರಿ. ದಿನಕ್ಕ ಹತ್ತು ತಾಸು ಗಾಡಿ ಓಡಿದ್ರೆ 3,600 ಹನಿ. 20 ಹನಿಗೆ ಒಂದು ಮಿಲಿ ಅಂದ್ರ 180 ಮಿಲಿ. 120 ದಿನದ ಸೀಜನ್ನಿಗೆ 21.6 ಲೀಟರ್.

ಬಿ.ಕಾಂ.ನಾಗ ನಮಗ ಕಲಿಸೋದು: ಯಂತ್ರವನ್ನ ಇದ್ದ ಸ್ಥಿತಿಯಾಗ ಇಡೋ ದುರಸ್ತಿ ರೆವಿನ್ಯೂ ಖರ್ಚು, ಅದರ ಶಕ್ತಿ ಹೆಚ್ಚಿಸೋದು ಕ್ಯಾಪಿಟಲ್ ಖರ್ಚು. ಸೀಲ್ ಕಿಟ್ ಯಾವ ಕಾಲಂಗೆ ಅಂತ ಪರೀಕ್ಷೆಯಾಗ ಬರೀಬಹುದು. ಸೋರಿ ಹೋದ ಹನಿಗೆ ವೋಚರ್ ಇರೋದಿಲ್ಲ. ಆಯಿಲ್ ತಂದ ದಿನ ಅದು ಖರ್ಚು ಅಂತ ಕಾಣ್ತದ, ಸೋರಿದ ದಿನ ಏನೂ ಕಾಣೋದಿಲ್ಲ. ಅದಕ್ಕ ಮಂದಿ ಸೋರಿಕೆಯನ್ನ ತಡ್ಕೊಳ್ತಾರ, ದುರಸ್ತಿಯನ್ನ ತಡ್ಕೊಳ್ಳೋದಿಲ್ಲ.

5/9

ಮೂರನೇ ಸಲ ಕಾಕಾ ಗಾಡಿಯನ್ನ ಒಬ್ಬ ಹಿರಿಯ ಮಿಸ್ತ್ರಿ ಹತ್ತಿರ ಒಯ್ದ್ರು. ಅವತ್ತು ಕಾರ್ಖಾನೆಯಾಗ ಸರತಿ ಸಿಗದ ದಿನ, ಅವಸರ ಇರಲಿಲ್ಲ. ನಾನೂ ಹೋಗಿದ್ದೆ. ಮಿಸ್ತ್ರಿ ಪಾನಾ ಹಿಡಿಯಲೇ ಇಲ್ಲ. ಡೀಸೆಲ್ ಮತ್ತು ಅರಿವಿ ತಗೊಂಡು ಸಿಲಿಂಡರ್ ಪೂರ್ತಿ ತೊಳೆದ್ರು, ಒಣಗಿಸಿದ್ರು, ಗಾಡಿ ಚಾಲೂ ಮಾಡಿಸಿ ಸ್ಟೇರಿಂಗ್ ಎರಡೂ ಕಡೆ ತಿರುಗಿಸಿದ್ರು. ಆಮ್ಯಾಲ ಕೂತು ನೋಡಿದ್ರು.

ಇದು ಭಾಳ ಮುಖ್ಯ. ಆಯಿಲ್ ಕೆಳಗೆ ಹರಿದು ಬರ್ತದ, ಹನಿ ಬೀಳೋ ಜಾಗ ಮತ್ತು ಸೋರೋ ಜಾಗ ಒಂದೇ ಇರಬೇಕಂತ ಇಲ್ಲ. ಪೈಪಿನ ನಟ್ಟಿನಿಂದ ಬಂದ್ರೆ ಅಲ್ಲಿ ಬಿಗಿ ಮಾಡೋದು ಅಥವಾ ಪೈಪ್ ಬದಲಿಸೋದು. ಗ್ಲ್ಯಾಂಡಿನ ಹೊರಸುತ್ತಿನಿಂದ ಬಂದ್ರೆ ಓ-ರಿಂಗ್. ರಾಡಿನ ಸುತ್ತ ಬಂದ್ರೆ ರಾಡ್ ಸೀಲ್. ರಾಡ್ ಮ್ಯಾಲ ತೆಳುವಾದ ಆಯಿಲ್ ಪೊರೆ ಇರೋದು ಸಹಜ, ಅದು ರಾಡಿಗೆ ಬೇಕು. ಹನಿಯಾಗಿ ಬಿದ್ರೆ ಮಾತ್ರ ರೋಗ.

ಹೊರಗ ಕಾಣದ ಸೋರಿಕೆಯೂ ಅದ. ಪಿಸ್ಟನ್ ಸೀಲ್ ಹೋದ್ರೆ ಆಯಿಲ್ ಒಂದು ಬದಿಯಿಂದ ಇನ್ನೊಂದು ಬದಿಗೆ ಒಳಗೊಳಗೇ ನುಸುಳುತ್ತದೆ. ನೆಲ ಒಣಗೇ ಇರ್ತದ. ಆದರೆ ಗಾಲಿ ಕೊನೆ ತನಕ ತಿರುಗಿದ ಮ್ಯಾಲೂ ಸ್ಟೇರಿಂಗ್ ಸಾವಕಾಶ ತಿರುಗ್ತಾನೇ ಹೋಗ್ತದ, ನೆಟ್ಟಗಿನ ರಸ್ತೆಯಾಗ ಪದೇ ಪದೇ ಸರಿ ಮಾಡ್ಕೋಬೇಕಾಗ್ತದ. ಆರ್ಬಿಟ್ರಾಲ್ ಸವೆದಿದ್ರೂ ಇದೇ ಲಕ್ಷಣ. ಎರಡರಾಗ ಯಾವುದು ಅನ್ನೋದನ್ನ ತಿಳಿದವರೇ ಪರೀಕ್ಷೆ ಮಾಡಲಿ.

ಒಂದು ಎಚ್ಚರಿಕೆ. ಇಂಜಿನ್ ಓಡುವಾಗ ಸೋರೋ ಜಾಗವನ್ನ ಬೆರಳಿನಿಂದ ಮುಟ್ಟಿ ನೋಡಬ್ಯಾಡ್ರಿ. ಒತ್ತಡದ ಆಯಿಲ್ ಸೂಜಿಯಂಗ ಚರ್ಮದೊಳಗ ಹೋಗಬಹುದು. ಗಾಯ ಸಣ್ಣದು ಕಾಣ್ತದ, ಬೆರಳೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡ್ರಿ. ಹಂಗೇನಾದ್ರೂ ಆದ್ರೆ ತಡ ಮಾಡದೇ ದವಾಖಾನೆಗೆ ಹೋಗಿ "ಆಯಿಲ್ ಒಳಗ ಹೋಗೈತಿ" ಅಂತಲೇ ಹೇಳ್ರಿ.

6/9

ಬಿಚ್ಚೋ ಕೆಲಸ. ಸಮ ನೆಲ, ಹಿಂದಿನ ಗಾಲಿಗೆ ಕಲ್ಲು, ಹ್ಯಾಂಡ್‌ಬ್ರೇಕ್. ಮುಂದಿನ ಆಕ್ಸಲ್ ಎತ್ತಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ರು. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬಾರದು. ಜ್ಯಾಕ್ ಕೂಡ ಒಂದು ಸೀಲ್ ಮ್ಯಾಲೇ ನಿಂತಿರೋದು, ನೆನಪಿಡ್ರಿ. ಇಂಜಿನ್ ಬಂದ್ ಮಾಡಿ ಸ್ಟೇರಿಂಗ್ ನಾಲ್ಕು ಸಲ ಆಚೆ ಈಚೆ ತಿರುಗಿಸಿ ಒತ್ತಡ ಇಳಿಸಿದ್ರು. ಪೈಪುಗಳಿಗೆ ಗುರುತು ಹಾಕಿ ಬಿಚ್ಚಿ, ಬಾಯಿಗೆ ಮುಚ್ಚಳ ಹಾಕಿದ್ರು. ಒಂದು ಚಿಟಿಕೆ ಮಣ್ಣು ಒಳಗ ಹೋದ್ರೆ ಹೊಸ ಸೀಲೂ ಹೋಯ್ತು, ಆರ್ಬಿಟ್ರಾಲೂ ಹೋಯ್ತು.

ಟೈ ರಾಡಿನ ಬಾಲ್ ಜಾಯಿಂಟಿನ ಪಿನ್ನು ತೆಗೆದು, ನಟ್ಟು ಬಿಚ್ಚಿ, ಪುಲ್ಲರ್ ಹಾಕಿ ಎಳೆದ್ರು. ಥ್ರೆಡ್ ಮ್ಯಾಲ ಸುತ್ತಿಗೆ ಇಲ್ಲ. ಸಿಲಿಂಡರ್ ಮೇಜಿನ ಮ್ಯಾಲ ಬಂತು. ಗ್ಲ್ಯಾಂಡ್ ಬಿಚ್ಚಿ ರಾಡನ್ನ ನೆಟ್ಟಗೆ ಎಳೆದ್ರು.

ಆಮ್ಯಾಲ ಅವರು ನನ್ನ ಕೈ ಹಿಡಿದು ಉಗುರನ್ನ ರಾಡಿನ ಉದ್ದಕ್ಕ ಎಳೆಸಿದ್ರು. ಒಂದು ಕಡೆ ಉಗುರು ಟಕ್ ಅಂತ ಸಿಕ್ಕಿತು. ನೋಡಿದ್ರೆ ಸಾಸಿವೆಗಿಂತ ಸಣ್ಣ ತುಕ್ಕಿನ ಕುಳಿಗಳು, ಪಕ್ಕಕ್ಕ ಕೂದಲೆಳೆಯಂಥ ಗೀರು.

"ತಮ್ಮಾ, ಸೀಲ್ ತಾನಾಗಿ ಸಾಯಂಗಿಲ್ಲ. ಯಾರರ ಕೊಂದಿರ್ತಾರ. ಅವರನ್ನ ಬಿಟ್ಟು ಹೊಸಾ ಸೀಲ್ ಹಾಕಿದ್ರ ಅದನ್ನೂ ಕೊಲ್ತಾರ" ಅಂದ್ರು.

ಗಾಡಿ ದಿನಕ್ಕ ನೂರಾರು ಸಲ ತಿರುಗ್ತದ. ಪ್ರತಿ ಸಲ ಆ ಕುಳಿಯ ಅಂಚು ರಬ್ಬರಿನ ತುಟಿಯನ್ನ ಕೆರೆದು ಹೋಗ್ತದ. ಹೊಸ ಸೀಲಿಗೆ ಎಂಟು ದಿನ ಆಯುಷ್ಯ ಸಿಕ್ಕಿದ್ದು ಅದಕ್ಕೇ.

7/9

ಕುಳಿ ಎಲ್ಲಿಂದ ಬಂತು? ನಮ್ಮದು ಎರಿ ಭೂಮಿ. ಹಸಿ ಇದ್ದಾಗ ಮಣ್ಣು ರಾಡಿಗೆ ಮೆತ್ತಿಕೊಳ್ತದ. ಒಣಗಿದಾಗ ಕಲ್ಲಾಗ್ತದ. ಮರುದಿನ ಸ್ಟೇರಿಂಗ್ ತಿರುಗಿಸಿದ ಕೂಡಲೇ ಆ ಗಟ್ಟಿ ಮಣ್ಣು ವೈಪರನ್ನ ಹರಿದು ಒಳಗ ನುಗ್ಗುತ್ತದೆ. ಯೂರಿಯಾ ಚೀಲ ಹೇರಿದ ಮ್ಯಾಲ ಚೆಲ್ಲಿದ ಗೊಬ್ಬರದ ಧೂಳು ತೇವಕ್ಕ ಸೇರಿ ಲೋಹ ತಿನ್ನುತ್ತದೆ. ಕ್ರೋಮಿನಾಗ ಒಂದು ಸಣ್ಣ ಬಿರುಕು ಸಿಕ್ರೆ ತುಕ್ಕು ಅಲ್ಲಿಂದ ಒಳಗ ಹೋಗ್ತದ. ಮಳೆಗಾಲದಾಗ ಗಾಡಿ ತಿಂಗಳುಗಟ್ಟಲೆ ಬಯಲಿನಾಗ ನಿಂತ್ರೆ ಹೊರಗ ಕಾಣೋ ರಾಡಿನ ಭಾಗಕ್ಕೇ ಮೊದಲು ಹೊಡೆತ.

ಇನ್ನೂ ಕೊಲೆಗಾರರು ಇರ್ತಾರ. ಬಾಲ್ ಜಾಯಿಂಟ್ ಸವೆದು ರಾಡನ್ನ ಅಡ್ಡಕ್ಕ ಎಳೆಯೋದು. ಕಲ್ಲಿಗೆ ಬಡಿದು ರಾಡ್ ಬಾಗಿದ್ದು. ಒಳಗಿನ ಬುಶ್ ಸವೆದು ರಾಡ್ ಒಂದು ಬದಿಗೆ ಕುಂತಿದ್ದು. ಟಾಕಿಗೆ ಬ್ರೇಕ್ ಆಯಿಲ್ ಹಾಕಿದ್ದು. ಇದನ್ನಂತೂ ಎಂದೂ ಮಾಡಬ್ಯಾಡ್ರಿ, ಈ ಜಾತಿಯ ಕರಿ ರಬ್ಬರ್ ಅದರಾಗ ಉಬ್ಬಿ ಮೆತ್ತಗಾಗ್ತದ. ಗಾಡಿ ನಿಂತಲ್ಲೇ ಭಾರ ಹೇರಿಕೊಂಡು ಸ್ಟೇರಿಂಗ್ ಜಗ್ಗೋದೂ ಒಂದು. ಆಗ ಒತ್ತಡ ಎಲ್ಲಕ್ಕಿಂತ ಹೆಚ್ಚು. ಗಾಡಿ ಸ್ವಲ್ಪ ಸರಿಯುವಾಗ ತಿರುಗಿಸಿದ್ರೆ ಸಿಲಿಂಡರಿಗೂ ಟಯರಿಗೂ ಆರಾಮ.

ಆದಿಲ್‌ಶಾಹಿ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ (1627–1656) ಕಾಲದ ಕೆರೆ ಇರೋ ಊರು ನಮ್ಮದು. ಊರಿನ ಹೆಸರಿನಾಗೂ ಅವನೇ ಇದ್ದಾನ. ಗೋಳಗುಮ್ಮಟದ ಕೆಳಗ ಮಲಗಿರೋನೂ ಅವನೇ. ಕೆರೆ ಕಂಡವರಿಗೆ ಒಂದು ಮಾತು ಗೊತ್ತಿರ್ತದ: ತೂಬಿನ ಹತ್ತಿರ ನೀರು ಜಿನುಗಿದ್ರೆ ಬರೀ ಮಣ್ಣು ಮೆತ್ತಿ ಬರೋದಿಲ್ಲ, ಏರಿಯೊಳಗ ಎಲ್ಲಿ ದಾರಿ ಆಗೈತಿ ಅಂತ ಹುಡುಕ್ತಾರ. ಸಿಲಿಂಡರಿಗೂ ಅದೇ ನ್ಯಾಯ.

8/9

ರಾಡಿಗೆ ಏನು ಮಾಡೋದು? ಉಗುರಿಗೆ ಸಿಗದ ಸಣ್ಣ ಗೀರು ಇದ್ರೆ ಆಯಿಲ್ ಹಚ್ಚಿದ ನಯವಾದ ಪಾಲಿಶ್ ಪೇಪರಿನಿಂದ ರಾಡಿನ ಸುತ್ತ ತಿಕ್ಕಬೇಕು, ಉದ್ದಕ್ಕಲ್ಲ. ಉದ್ದಕ್ಕ ತಿಕ್ಕಿದ್ರೆ ಆಯಿಲ್ ಹೊರಗ ಹೋಗೋಕೆ ನಾವೇ ಕಾಲುವೆ ತೋಡಿ ಕೊಟ್ಟಂಗ. ಆಳದ ಕುಳಿ ಇದ್ರೆ ಹಳೇ ಕ್ರೋಮ್ ತೆಗೆದು, ಹೊಸದಾಗಿ ಹಾರ್ಡ್ ಕ್ರೋಮ್ ಮಾಡಿ, ಗ್ರೈಂಡ್ ಮಾಡಬೇಕು, ಇಲ್ಲಾ ರಾಡೇ ಬದಲಿಸಬೇಕು. ನಮ್ಮ ಕಡೆಯಿಂದ ಇಂಥ ಕೆಲಸಕ್ಕ ಬೆಳಗಾವಿ ನೆನಪಾಗ್ತದ. ಹೈಡ್ರಾಲಿಕ್ ವಾಲ್ವ್, ಪಂಪು ಮಾಡೋ ಪಾಲಿಹೈಡ್ರಾನ್‌ನಂಥ ಕಂಪನಿ ಬೆಳೆದ ಊರು ಅದು. ನಮ್ಮ ರಾಡಿಗೆ ಹೊಸ ಕ್ರೋಮ್ ಆಗಿ ಬರೋಕೆ ಕೆಲವು ದಿನ ಹಿಡೀತು. ಅಷ್ಟು ದಿನ ಕಾಕಾ ಇನ್ನೊಬ್ಬರ ಗಾಡಿ ಬಾಡಿಗಿಗೆ ಹಿಡಿದ್ರು. ಖರ್ಚು ನೋವಾತು. ಆದರೆ ಆ ಗಾಡಿಯನ್ನ ಹಂಗೇ ಹೊರಡಿಸೋಣ ಅಂತ ಒಮ್ಮೆಯೂ ಅನ್ನಲಿಲ್ಲ.

ಹೊಸ ಸೀಲ್ ಹಾಕುವಾಗ ನಾನು ಬರ್ಕೊಂಡಿದ್ದು:

ಹಳೇ ಸೀಲಿನ ತುಟಿ ಯಾವ ಕಡೆ ಇತ್ತು ಅಂತ ತೆಗೆಯೋ ಮೊದಲೇ ಫೋಟೊ ತಗೊಳ್ರಿ. ರಾಡ್ ಸೀಲಿನ ತುಟಿ ಆಯಿಲ್ ಕಡೆ, ವೈಪರಿನ ತುಟಿ ಹೊರಗಿನ ಧೂಳಿನ ಕಡೆ. ತಿರುವು ಮುರುವು ಆದ್ರೆ ಹೊಸಾದೇ ಸೋರ್ತದ.

ರಾಡ್ ಮತ್ತು ಗ್ಲ್ಯಾಂಡಿನ ಅಳತೆಯನ್ನ ವರ್ನಿಯರ್‌ನಿಂದ ತಗೊಳ್ರಿ. "ಹಂಗೇ ಕಾಣ್ತೈತಿ" ಅಂತ ಸೀಲ್ ತರಬ್ಯಾಡ್ರಿ. ಒಂದು ತುದಿ ಹೋದ್ರೂ ಪೂರಾ ಕಿಟ್ ಹಾಕ್ರಿ.

ಸೀಲನ್ನ ಉಗುರುಬೆಚ್ಚಗಿನ ಆಯಿಲ್‌ನಾಗ ಸ್ವಲ್ಪ ಹೊತ್ತು ಇಟ್ರೆ ಮೆತ್ತಗಾಗ್ತದ. ಹುರುಳಿಕಾಳಿನ ಆಕಾರಕ್ಕ ಮಡಚಿ, ಬೆರಳಿನಿಂದ ಜಾಗಕ್ಕ ಕೂಡಿಸ್ರಿ. ಸ್ಕ್ರೂ ಡ್ರೈವರ್ ಮುಟ್ಟಿಸಬ್ಯಾಡ್ರಿ.

ರಾಡಿನ ತುದಿಯ ಥ್ರೆಡ್ಡಿಗೆ ಟೇಪ್ ಸುತ್ತಿ, ಆಯಿಲ್ ಹಚ್ಚಿ, ಆಮ್ಯಾಲ ಗ್ಲ್ಯಾಂಡ್ ಏರಿಸ್ರಿ. ಇಲ್ಲಾಂದ್ರ ಥ್ರೆಡ್ಡಿನ ಹಲ್ಲೇ ಸೀಲ್ ಕೊಯ್ತದ.

ಕಾಟರ್ ಪಿನ್ನು ಹೊಸಾದೇ ಇರಲಿ.

9/9

ಕೂಡಿಸಿದ ಮ್ಯಾಲ ಅವಸರದಾಗ ಹೊಂಟ್ರೆ ಕೆಲಸ ಅರ್ಧ ಆದಂಗ. ಪೈಪಿನಾಗ ಗಾಳಿ ಇರ್ತದ. ಟಾಕಿಗೆ ಕಂಪನಿ ಪುಸ್ತಕದಾಗ ಹೇಳಿದ ಆಯಿಲ್ ಹಾಕಿ, ಮುಂದಿನ ಗಾಲಿ ಎತ್ತಿದ್ದಾಗಲೇ, ಇಂಜಿನ್ ಸಾವಕಾಶ ಓಡಿಸಿ, ಸ್ಟೇರಿಂಗ್ ಈ ಕೊನೆಯಿಂದ ಆ ಕೊನೆಗೆ ಹತ್ತಾರು ಸಲ ತಿರುಗಿಸಬೇಕು. ಕೊನೆಯಾಗ ಒತ್ತಿ ಹಿಡಿಯಬಾರದು. ಟಾಕಿಯಾಗ ಆಯಿಲ್ ಹಾಲಿನಂಗ ನೊರೆಯಾಗಿದ್ರೆ ಗಾಳಿ ಇನ್ನೂ ಅದ ಅಂತ. ನೊರೆ ಇಳಿದ ಮ್ಯಾಲ ಮಟ್ಟ ನೋಡಿ ಮತ್ತ ತುಂಬಬೇಕು. ಟೈ ರಾಡ್ ಬಿಚ್ಚಿದ್ದಕ್ಕ ಗಾಲಿಗಳ ನೇರವನ್ನೂ ಅಳೆಯಬೇಕು. ಕೊನೆಗೆ ಖಾಲಿ ಗಾಡಿ ಒಂದು ಸುತ್ತು ಹಾಕಿ, ಒಣ ಅರಿವಿಯಿಂದ ರಾಡ್ ಒರೆಸಿ ನೋಡಬೇಕು.

ಇಂಜಿನ್ ಬಂದ್ ಬಿದ್ರೂ ಆಯಿಲ್ ಇರೋ ತನಕ ಸಾಮಾನ್ಯವಾಗಿ ಜೋರು ಹಾಕಿ ಕೈಯಿಂದಲೇ ಗಾಲಿ ತಿರುಗಿಸಬಹುದು, ಆರ್ಬಿಟ್ರಾಲ್ ಆಗ ಕೈಪಂಪಿನಂಗ ಕೆಲಸ ಮಾಡ್ತದ. ಆಯಿಲ್ಲೇ ಇಲ್ಲಾಂದ್ರ ಸ್ಟೇರಿಂಗ್ ಸುಮ್ಮನೇ ಸುತ್ತುತ್ತದೆ, ಅಷ್ಟೇ. ಅದಕ್ಕೇ "ಸ್ವಲ್ಪ ಸೋರ್ತೈತಿ" ಅನ್ನೋ ಗಾಡಿಗೆ ಭಾರ ಹೇರಬಾರದು ಅಂತ ನಾನು ಹೇಳೋದು.

ಈಗ ಕಾಕಾನ ಡೈರಿಯಾಗ ನಾನು ಒಂದು ಕಾಲಂ ಹೆಚ್ಚಿಗೆ ಹಾಕೀನಿ. ದುರಸ್ತಿ ಬರೆದ ಮುಂದ "ಯಾಕ ಹೋತು?" ಅಂತ. ಅದು ಖಾಲಿ ಇದ್ರೆ ದುರಸ್ತಿ ಮುಗಿದಿಲ್ಲ ಅಂತ ಲೆಕ್ಕ. ಡ್ರೈವರ್ ಅಣ್ಣನ ಕೆಲಸಕ್ಕೂ ಒಂದು ಸೇರಿಸಿದ್ವಿ. ಸಂಜೆ ಗಾಡಿ ನಿಲ್ಲಿಸಿದ ಮ್ಯಾಲ ಮಣ್ಣು ಒಣಗೋ ಮೊದಲು ಎರಡೂ ರಾಡ್ ಒರೆಸಿ, ಆಯಿಲ್ ಅರಿವಿ ಎಳೆಯೋದು. ಎರಡು ನಿಮಿಷ ಸಾಕು.

ಈ ಸಂಜೆ ನಿಮ್ಮ ಗಾಡಿಯ ರಾಡಿನ ಮ್ಯಾಲೂ ಒಮ್ಮೆ ಉಗುರು ಎಳೆದು ನೋಡ್ರಿ. ಇಂಜಿನ್ ಬಂದ್ ಮಾಡಿ, ಮತ್ತ. ಗಾಡಿ ಬ್ಯಾರೆಯವರದು, ನೀವು ಬರೀ ಓಡಿಸ್ತೀರಿ ಅಂದ್ರೂ ನೋಡ್ರಿ. ಸೀಟಿನ ಮ್ಯಾಲ ಕುಂತಿರೋರು ಮಾಲಕರಲ್ಲ, ನೀವು.